ಸುಲ್ತಾನನ ಮನೆ, ಊರ ಮಂದಿಯ ತೋಟ

ನಮ್ಮ ಕಡೆ ಯಾರಿಗಾದರೂ ನಾಲ್ಕು ಕಾಸು ಬಂದು ಎದೆ ಸೆಟೆಸಿ ನಡೆದರೆ ‘ಅವನ ದೌಲತ್ತು ನೋಡು’ ಅಂತೀವಿ. ದೌಲತ್ತು ಅಂದರೆ ಮೂಲದಲ್ಲಿ ಬರೀ ಸಿರಿ, ಸಂಪತ್ತು. ನಮ್ಮ ಜನರ ಬಾಯಿಗೆ ಬಂದ ಮೇಲೆ ಅದಕ್ಕೆ ಜಂಬ ಅನ್ನೋ ಅರ್ಥ ಕೂಡಿಕೊಂಡಿತು. ಜನ ಸುಮ್ಮನೆ ಹಂಗೆ ಮಾಡಲಿಲ್ಲ, ಕಣ್ಣಿಗೆ ಕಂಡದ್ದನ್ನು ಆಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಅನ್ನೋ ಹೆಸರಿನಲ್ಲಿ ನನಗೆ ಈ ಎರಡು ಅರ್ಥವೂ ಕೇಳಿಸುತ್ತವೆ. ದರಿಯಾ ಅಂದರೆ ಹೊಳೆ, ಕಡಲು. ಬಾಗ್ ಅಂದರೆ ತೋಟ. ಕಾವೇರಿ ದಂಡೆಯ ಮೇಲೆ ಟಿಪ್ಪು ಸುಲ್ತಾನ 1784ರಲ್ಲಿ ತನ್ನ ಬೇಸಿಗೆಯ ತಂಪಿಗೆ ಕಟ್ಟಿಸಿಕೊಂಡ ಮನೆ ಅದು. ಇವತ್ತು ಚೀಟಿ ತಗೊಂಡು ಯಾರು ಬೇಕಾದರೂ ಒಳಕ್ಕೆ ಹೋಗಬಹುದು. ಹುಲ್ಲಿನ ಹಾಸು, ಸಾಲುಮರ, ನಡುವೆ ಅರಮನೆ. ಒಬ್ಬನ ಮನೆ ಎಲ್ಲರ ತೋಟವಾಯಿತು.

ನಮ್ಮ ಮೊಮ್ಮಗಳು ಶಾಲೆಯ ಪ್ರವಾಸದಲ್ಲಿ ಮೈಸೂರಿಗೆ ಹೋಗಿ ಬಂದಾಗ ದಾರಿಯಲ್ಲಿ ಇದನ್ನೂ ನೋಡಿಕೊಂಡು ಬಂದಳು. ‘ಏನು ನೋಡಿದೆ ಮಗಾ?’ ಅಂದೆ. ‘ತಾತ, ಹುಲ್ಲು ಬೋ ಚೆನ್ನಾಗಿತ್ತು. ಗೋಡೆ ತುಂಬ ಆನೆ ಕುದುರೆ ಬರೆದವ್ರೆ’ ಅಂದಳು. ಅಷ್ಟೆ. ನಾನು ಅವಳನ್ನು ಬಯ್ಯಲಿಲ್ಲ. ನಾನು ಮೊದಲ ಸಲ ಹೋದಾಗ ನೋಡಿದ್ದೂ ಅಷ್ಟೆ. ಆಮೇಲೆ ಎರಡು ಸಲ ಹೋದೆ. ಮೂರನೇ ಸಲ ಗೋಡೆಯ ಮುಂದೆ ನಿಂತಾಗ ನನಗೆ ಒಂದು ಕೊರತೆ ಕಂಡಿತು. ಆ ಕೊರತೆ ಗೋಡೆಯದೊಂದೇ ಅಲ್ಲ, ನಾನು ಹಾಡೋ ಹಾಡಿನದೂ ಹೌದು. ಅದನ್ನು ಹೇಳೋಕ್ಕೆ ಈ ನಾಲ್ಕು ಮಾತು ಬರೆದಿದ್ದೀನಿ.

ಮೊದಲು ಮನೆಯ ಮಾತು. ಅರಮನೆ ಅಂದರೆ ನಮ್ಮ ಮನಸ್ಸಿಗೆ ಬರೋದು ಕಲ್ಲಿನ ಗೋಡೆ, ಎತ್ತರದ ಗೋಪುರ. ಇದು ಹಂಗಿಲ್ಲ. ಎತ್ತರಿಸಿದ ಜಗಲಿಯ ಮೇಲೆ ಚೌಕಾಕಾರದ ಮನೆ, ನಾಲ್ಕು ಕಡೆಗೂ ಪಡಸಾಲೆ, ಸುತ್ತ ಕೆತ್ತನೆಯ ಮರದ ಕಂಬಗಳ ಸಾಲು. ಬಣ್ಣ ಬಿಸಿಲಿಗೆ ಮಾಸಬಾರದು ಅಂತ ಸುತ್ತ ಹಸಿರು ತಟ್ಟಿ ಇಳಿಬಿಟ್ಟಿದ್ದಾರೆ. ದೂರದಿಂದ ನೋಡಿದರೆ ಯಾರೋ ತಟ್ಟಿ ಕಟ್ಟಿಕೊಂಡು ತೋಟ ಕಾಯ್ತಾ ಅವರೆ ಅನ್ನಿಸುತ್ತೆ. ತಟ್ಟಿಯ ಒಳಕ್ಕೆ ಕಾಲಿಟ್ಟರೆ ಮಾತು ನಿಂತು ಹೋಗುತ್ತೆ. ಗೋಡೆ, ಕಂಬ, ಕಮಾನು, ಸೂರು, ಎಲ್ಲೂ ಅಂಗೈಯಗಲ ಜಾಗ ಬಿಡದಂಗೆ ಬಣ್ಣ ತುಂಬಿದ್ದಾರೆ. ಬಳ್ಳಿ, ಹೂವು, ಎಲೆ, ಮಧ್ಯೆ ಮಧ್ಯೆ ಚಿನ್ನದ ರಂಗು. ಮಾಳಿಗೆಗೆ ಹತ್ತೋ ನಾಲ್ಕು ಮೆಟ್ಟಿಲ ಸಾಲನ್ನು ಒಳಗೋಡೆಯಲ್ಲೇ ಅಡಗಿಸಿದ್ದಾರೆ. ಹತ್ತೋ ದಾರಿ ಹುಡುಕಿದರೇ ಸಿಗೋದು. ಇಂಥ ಮನೆ ಕಟ್ಟಿಸಬೇಕಾದರೆ ಸಿರಿ ಇದ್ದರೆ ಸಾಲದು, ಹುಚ್ಚೂ ಇರಬೇಕು. ಅದು ಬೈಗುಳವಲ್ಲ. ಕಲೆಗೆ ಆ ಹುಚ್ಚು ಬೇಕು.

ಇನ್ನು ಪಡುವಣ ಗೋಡೆ. ಈ ಮನೆಯ ಜೀವ ಅಲ್ಲೈತೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ಮಣ್ಣು ಮುಕ್ಕಿಸಿದರು. ಆ ಯುದ್ಧವನ್ನು ಗೋಡೆ ತುಂಬ ಬರೆದಿದ್ದಾರೆ. ಇಂಗ್ಲಿಷರು ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಬೇಯ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಅವನ ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ಸುತ್ತ ಎಲ್ಲಾ ಕಡೆಯಿಂದ ಕುದುರೆ ನುಗ್ಗುತ್ತಿವೆ, ಕತ್ತಿ ಬೀಸುತ್ತಿವೆ, ತಲೆ ಉರುಳುತ್ತಿವೆ. ಅಷ್ಟರಲ್ಲೂ ಆನೆಯ ಮೇಲೆ ಕೂತ ಟಿಪ್ಪು ಕೈಯಲ್ಲಿ ಗುಲಾಬಿ ಹಿಡಿದು ಮೂಸುತ್ತಾ ಬರುತ್ತಿದ್ದಾನೆ!

ಹಾಡೋನಾಗಿ ನಾನು ಈ ಚಿತ್ರಕಾರನಿಗೆ ಕೈ ಮುಗಿಯುತ್ತೀನಿ. ಲಾವಣಿ ಹಾಡುವಾಗ ನಮಗೆ ಒಂದು ಕಷ್ಟ ಐತೆ. ಯುದ್ಧದಲ್ಲಿ ಎಲ್ಲಾ ಒಂದೇ ಗಳಿಗೆಯಲ್ಲಿ ನಡೆಯುತ್ತೆ. ಹಾಡಲ್ಲಿ ಒಂದಾದ ಮೇಲೆ ಒಂದು ಹೇಳಬೇಕು. ಈ ಪುಣ್ಯಾತ್ಮ ಎಲ್ಲವನ್ನೂ ಒಂದೇ ನೋಟದಲ್ಲಿ ಹಾಡಿಬಿಟ್ಟಿದ್ದಾನೆ. ಮದ್ದಿನ ಬಂಡಿ ಸಿಡಿದದ್ದು ಪಲ್ಲವಿ ಇದ್ದಂಗೆ, ಕಣ್ಣು ಎಲ್ಲಿಗೆ ಹೋದರೂ ತಿರುಗಿ ಅಲ್ಲಿಗೇ ಬರುತ್ತೆ. ಆ ಗುಲಾಬಿ ಅಂತೂ ನಮ್ಮ ಬಯಲಾಟದವರು ಮಾಡೋ ಕೆಲಸವೇ. ರಾಜನ ಪಾತ್ರಧಾರಿ ಯುದ್ಧದ ನಡುವೆ ಮೀಸೆ ತಿರುವಿ ನಿಂತರೆ ಸಾಕು, ಅವನಿಗೆ ಭಯ ಇಲ್ಲ ಅಂತ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ತಿಳಿಯುತ್ತೆ. ಅಣಕವೂ ಐತೆ. ಹೈದರಾಬಾದಿನ ನಿಜಾಮ ದಂಡು ಕಟ್ಟಿಕೊಂಡು ಹೊತ್ತು ಮೀರಿ ಬರೋ ಕಡೆ ಒಂದು ಹಸು, ಒಂದು ಹಂದಿ ಬರೆದಿದ್ದಾರೆ. ಅದು ಅವನಿಗೆ ಮಾಡಿದ ಗೇಲಿ ಅಂತ ತಿಳಿದವರು ಹೇಳ್ತಾರೆ. ನಗಿಸದ ವೀರಕಥೆ ಬೆಳಗಿನ ಜಾವದವರೆಗೂ ನಿಲ್ಲೋದಿಲ್ಲ ಅನ್ನೋದು ಅವನಿಗೂ ಗೊತ್ತಿತ್ತು.

ಆದರೆ ಅದೇ ಗೋಡೆಯಲ್ಲಿ ಒಂದು ಕೊರತೆ. ಸಿಪಾಯಿಗಳ ಸಾಲು ನೋಡಿ. ಎಲ್ಲರಿಗೂ ಒಂದೇ ಮುಖ, ಒಂದೇ ಮೀಸೆ, ಒಂದೇ ನಿಲುವು. ಅಚ್ಚು ಒತ್ತಿದಂಗೆ ಅವರೆ. ರಾಜನಿಗೆ ಮುಖ ಐತೆ, ಸೋತ ಬೇಯ್ಲಿಗೂ ಮುಖ ಐತೆ, ಹಸು ಹಂದಿಗೂ ಅವುಗಳದೇ ರೂಪ ಐತೆ. ಗೆಲ್ಲಿಸಿದ ಸಿಪಾಯಿಗೆ ಮುಖ ಇಲ್ಲ. ನಮ್ಮ ಸೀಮೆಯ ಕಾಡುಗೊಲ್ಲರು ಗಣೆ ಊದಿ ಹಾಡೋ ಜುಂಜಪ್ಪನ ಕಥೆಯಲ್ಲಿ ಅವನ ಗೂಳಿಗೂ ಬಡಮೈಲ ಅಂತ ಹೆಸರೈತೆ, ಅದಕ್ಕೂ ನಡೆ ನುಡಿ ಐತೆ. ಹಟ್ಟಿಯ ಹಾಡಿನಲ್ಲಿ ದನಕ್ಕೆ ಸಿಕ್ಕ ಮರ್ಯಾದೆ ಅರಮನೆಯ ಗೋಡೆಯಲ್ಲಿ ಮನುಷ್ಯನಿಗೆ ಸಿಗಲಿಲ್ಲ.

ಮೂಡಣ ಗೋಡೆಗೆ ಬನ್ನಿ. ಅಲ್ಲಿ ಯುದ್ಧ ಇಲ್ಲ, ದರ್ಬಾರುಗಳು. ಐದು ಸಾಲಿನಲ್ಲಿ ಆ ಕಾಲದ ಅರಸರನ್ನು ಬರೆದಿದ್ದಾರೆ. ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ, ಮಾಗಡಿ ಕೆಂಪೇಗೌಡ, ಅವರ ಜೊತೆಗೆ ನಮ್ಮ ಚಿತ್ರದುರ್ಗದ ಮದಕರಿ ನಾಯಕ! ಮದಕರಿಯನ್ನು ಅಲ್ಲಿ ಕಂಡು ಖುಷಿಪಡಬೇಕೋ ಸಂಕಟಪಡಬೇಕೋ ನನಗೆ ತಿಳಿಯಲಿಲ್ಲ. ಯಾಕೆಂದರೆ 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದು ಮದಕರಿಯನ್ನು ಇದೇ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ತಂದ. ನಾಯಕ ತಿರುಗಿ ದುರ್ಗ ನೋಡಲಿಲ್ಲ. ಸೆರೆಮನೆಯಲ್ಲಿ ಮುಗಿದವನು ಗೋಡೆಯ ಮೇಲೆ ದರ್ಬಾರು ಮಾಡ್ತಾ ಕೂತಿದ್ದಾನೆ. ಚಿತ್ರ ಸುಳ್ಳು ಹೇಳಲಿಲ್ಲ, ಆದರೆ ಕಥೆಯ ಮುಂದಿನ ಭಾಗ ಹೇಳಲಿಲ್ಲ.

ರಾಯದುರ್ಗದ ಓದುಗರು ಇನ್ನೊಂದು ಕೇಳಬೇಕು. ನಿಮ್ಮ ಪಾಳೇಗಾರ ವೆಂಕಟಪತಿ ನಾಯಕನನ್ನು ಟಿಪ್ಪುವೇ ಹಿಡಿದು ಪಟ್ಟಣಕ್ಕೆ ಒಯ್ದ. ಊರಿನ ಮೇಲಿನ ಬೆಟ್ಟದ ಕೋಟೆ ಇವತ್ತಿಗೂ ನಿಂತೈತೆ. ಆ ಕೋಟೆಗೂ ಕಾವೇರಿ ದಂಡೆಯ ಈ ಚೆಂದದ ಮನೆಗೂ ನಡುವೆ ಒಂದು ಸರಪಳಿ ಐತೆ ಅಂತ ನಮ್ಮ ಮಕ್ಕಳಿಗೆ ಯಾರು ಹೇಳಬೇಕು?

ಈಗ ಶಿರಾದ ಮಾತು. ಮಡಕಶಿರಾದವರಿಗೆ ಶಿರಾ ಅಂದರೆ ಸಂತೆಗೂ ನೆಂಟಸ್ತಿಕೆಗೂ ಪಕ್ಕದ ಊರು. ಅದು ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಅಲ್ಲಿನ ನವಾಬ ದಿಲಾವರ್ ಖಾನ ಒಂದು ಅರಮನೆ ಕಟ್ಟಿಸಿದ್ದ. ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿ ಅಂತ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ಐತೆ. ನಮ್ಮ ಮೇಷ್ಟ್ರೊಬ್ಬರು ಅದನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಶಿರಾದಲ್ಲಿ ಖಾನ್ ಬಾಗ್ ಅಂತ ತೋಟವೂ ಇತ್ತು, ಬೆಂಗಳೂರಿನ ಲಾಲ್‌ಬಾಗಿಗೆ ಅದೇ ಪ್ರೇರಣೆ ಇದ್ದೀತು ಅಂತಲೂ ಅದರಲ್ಲೇ ಬರೆದಿದ್ದಾರೆ. ಅಂದರೆ ಇವತ್ತು ಲಕ್ಷಾಂತರ ಜನ ನೋಡೋ ತೋಟಕ್ಕೂ ಅರಮನೆಗೂ ಬಿತ್ತನೆ ಬೀಜ ಹೋದದ್ದು ನಮ್ಮ ಪಕ್ಕದೂರಿನಿಂದ. ಬೀಜ ಕೊಟ್ಟ ಹೊಲ ಬೀಳು ಬಿತ್ತು. ಫಸಲು ಬೇರೆ ಕಡೆ ತೂಗಾಡಿತು.

ಇಷ್ಟಕ್ಕೇ ಮುಗಿಯಲಿಲ್ಲ. ಬರೀ ಮಾದರಿ ಹೋಗಲಿಲ್ಲ, ಮನುಷ್ಯರೂ ಹೋದರು. ದರಿಯಾ ದೌಲತ್ ತೋಟದ ಆಚೆಗೇ ಗಂಜಾಂ ಐತೆ. ನಿಮಿಷಾಂಬ ದೇವಸ್ಥಾನಕ್ಕೆ ಹೋದವರಿಗೆಲ್ಲ ಗೊತ್ತು, ಗಂಜಾಂ ಅಂಜೂರ ತಿಂದವರಿಗೂ ಗೊತ್ತು. ಟಿಪ್ಪು ಆ ಹೊಸ ಪೇಟೆಯನ್ನು ತುಂಬಿಸೋಕ್ಕೆ ಶಿರಾದಿಂದ 12,000 ಮನೆತನಗಳನ್ನು ಬಲವಂತವಾಗಿ ಸಾಗಿಸಿದ ಅಂತ ಅದೇ ಗೆಜೆಟಿಯರ್ ಹೇಳುತ್ತೆ. ಅದಕ್ಕೂ ಮುಂಚೆ ಅವನ ಅಪ್ಪ ಚಿತ್ರದುರ್ಗ ಹಿಡಿದಾಗ 20,000 ಬೇಡರನ್ನು ಇದೇ ದ್ವೀಪಕ್ಕೆ ತಂದು, ಅವರ ಹುಡುಗರನ್ನು ಆಯ್ದು ಚೇಲಾ ಪಡೆ ಕಟ್ಟಿದ.

ರೈತನಾಗಿ ಒಂದು ಮಾತು ಹೇಳ್ತೀನಿ. ಹನ್ನೆರಡು ಸಾವಿರ ಮನೆತನ ಅಂತ ಓದೋದು ಒಂದು ಉಸಿರಿನ ಕೆಲಸ. ಒಂದು ಮನೆತನ ಏಳಬೇಕಾದರೆ ಏನೇನು ಬಿಟ್ಟು ಏಳಬೇಕು? ಒಲೆ ಬಿಡಬೇಕು, ಬೀಸೋ ಕಲ್ಲು ಬಿಡಬೇಕು. ಎತ್ತು ನಡೆಯೋದಾದರೆ ಸರಿ, ಕರು ಹಾಕಲಿರೋ ಹಸು? ಊರಿನ ಮಾರಮ್ಮನನ್ನು ಯಾರ ಕೈಗೆ ಒಪ್ಪಿಸೋದು? ಹಿರೀಕರನ್ನು ಮಣ್ಣು ಮಾಡಿದ ಜಾಗಕ್ಕೆ ಹಬ್ಬದ ಎಡೆ ಯಾರು ಇಡೋದು? ಮಗ್ಗ ಬಿಚ್ಚಿ ಗಾಡಿಗೆ ಹಾಕಿದ ನೇಕಾರ ಅಲ್ಲಿ ಮತ್ತೆ ಗುಳಿ ತೋಡಬೇಕು. ನಮ್ಮ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿ ಹೊಲ ಬಿಟ್ಟು ಗಂಟುಮೂಟೆ ಕಟ್ಟಿ ಬೆಂಗಳೂರು ಬಸ್ಸು ಹತ್ತಿದವರನ್ನು ನಾವೆಲ್ಲ ನೋಡಿದ್ದೀವಿ. ಅವರನ್ನು ಬರ ಕಳಿಸಿತು. ಇವರನ್ನು ಅಪ್ಪಣೆ ಕಳಿಸಿತು.

ಹೋದವರು ಅಲ್ಲಾದರೂ ನೆಮ್ಮದಿಯಾಗಿದ್ದರೋ? 1792ರಲ್ಲಿ ಕಾರ್ನ್‌ವಾಲಿಸನ ದಂಡು ದ್ವೀಪಕ್ಕೆ ನುಗ್ಗಿತು. ಗಂಜಾಮಿನ ಆ ತುದಿಯಲ್ಲಿದ್ದ ಇನ್ನೊಂದು ತೋಟ, ಅದರ ಹೆಸರೂ ಲಾಲ್‌ಬಾಗೇ, ಅಲ್ಲಿನ ಮರಗಳನ್ನು ಮುತ್ತಿಗೆಯ ಕೆಲಸಕ್ಕೆ ಕಡಿದರು, ಅಲ್ಲಿನ ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿದರು. 1799ರಲ್ಲಿ ಕೋಟೆ ಬಿತ್ತು, ಸುಲ್ತಾನ ಹೋರಾಡುತ್ತಾ ಸತ್ತ. ಟಿಪ್ಪು ಕಾಲಕ್ಕೆ ಆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರು, 1800ರಲ್ಲಿ ಸುಮಾರು 32,000 ಉಳಿದಿದ್ದರು ಅಂತ ಬುಕಾನನ್ ಸಾಹೇಬನ ಅಂದಾಜು. ಆಮೇಲೆ ಚಳಿಜ್ವರದ ಕಾಟ. ಅದನ್ನು ತಾಳಲಾರದೆ 1809ರಲ್ಲಿ ಇಂಗ್ಲಿಷ್ ದಂಡು ಬೆಂಗಳೂರಿಗೆ ಹೊರಟಿತು. ಬೆಂಗಳೂರು ದಂಡು ಹುಟ್ಟಿದ್ದು ಹಂಗೆ. ಅಪ್ಪಣೆಯಿಂದ ತುಂಬಿದ ಊರು ಅಪ್ಪಣೆ ಕೊಟ್ಟವನು ಹೋದ ಮೇಲೆ ಬರಿದಾಯಿತು.

ಇನ್ನು ಈ ಮನೆ ಉಳಿದದ್ದು ಹೆಂಗೆ? ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರ ಹಿಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ದರಿಯಾ ದೌಲತ್ತಿನಲ್ಲೇ ಬಿಡಾರ ಹೂಡಿದ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಟಿಪ್ಪುವಿನ ರಾಜ್ಯವನ್ನು ಹಂಚಿದ ಕಮಿಷನ್ನಿನಲ್ಲಿ ಇವನೂ ಒಬ್ಬ. ಅದರ ಕಾರ್ಯದರ್ಶಿಗಳಲ್ಲಿ ಒಬ್ಬರು, ಆಮೇಲೆ ಅನಂತಪುರಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಸಾಹೇಬರು. ಆ ಹಂಚಿಕೆಯಲ್ಲಿ ರಾಯದುರ್ಗದ ಸೀಮೆ ನಿಜಾಮನ ಪಾಲಿಗೆ ಹೋಯಿತು. 1800ರಲ್ಲಿ ನಿಜಾಮ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಅನ್ನೋದು ಇದನ್ನೇ. ಅಲ್ಲಿಂದ ಮದರಾಸು, 1953ರಲ್ಲಿ ಆಂಧ್ರ. ಮನೆಯಲ್ಲಿ ಕನ್ನಡ ಆಡಿ ಕಚೇರಿಯಲ್ಲಿ ತೆಲುಗಿನ ಅರ್ಜಿ ಬರೆಯೋ ನಮ್ಮ ಬಾಳಿನ ಗಂಟು ಬಿದ್ದದ್ದು ಆಗ. ಗೋಡೆಯ ಮೇಲೆ ಹಸು ಹಂದಿ ಬರೆಸಿ ಯಾರನ್ನು ಗೇಲಿ ಮಾಡಿದ್ದರೋ ಅದೇ ನಿಜಾಮನ ಕೈಗೆ ಸಿಕ್ಕೆವು ನಾವು!

ಟಿಪ್ಪುವಿನ ಬೇರೆ ಅರಮನೆಗಳ ಗತಿ ಕೇಳಿ. ಲಾಲ್‌ಬಾಗಿನ ಅರಮನೆ ಕೆಡವಿದರು. ಅದರ ತೊಲೆಗಳನ್ನು ಘಟ್ಟ ಹತ್ತಿಸಿ ಊಟಿಯ ಸೇಂಟ್ ಸ್ಟೀಫನ್ ಚರ್ಚು ಕಟ್ಟಿದರು, 1829ರಲ್ಲಿ ಅದಕ್ಕೆ ಅಡಿಗಲ್ಲು. ದರಿಯಾ ದೌಲತ್ತಿನ ತೊಲೆಗಳು ನಿಂತಲ್ಲೇ ನಿಂತವು, ಆದರೆ ಚಿತ್ರ ಹೋಗಿತ್ತು. ವೆಲ್ಲೆಸ್ಲಿ ಇದ್ದಾಗ ಒಮ್ಮೆ ಸರಿಮಾಡಿಸಿದ್ದರೂ ಆಮೇಲೆ ಅದರ ಮೇಲೆ ಸುಣ್ಣ ಬಳಿದುಬಿಟ್ಟಿದ್ದರು. 1855ರ ಸುಮಾರಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ ಇದನ್ನು ನೋಡಿ ಮತ್ತೆ ಬರೆಸಿ ಅಂದ. ಮೊದಲಿನ ಚಿತ್ರ ನೆನಪಿದ್ದ ಒಬ್ಬ ನಮ್ಮವನೇ ಚಿತ್ರಕಾರ ಬದುಕಿದ್ದ, ಅವನ ನೆನಪಿನ ಮೇಲೆ ಬರೆಸಿದರು ಅಂತ ಗೆಜೆಟಿಯರಿನ ಮಾತು.

ಇಂಗ್ಲಿಷರು ತಾವು ಸೋತ ಯುದ್ಧದ ಚಿತ್ರವನ್ನು ತಾವೇ ದುಡ್ಡು ಕೊಟ್ಟು ಬರೆಸಿದರಲ್ಲ ಅಂತ ಕೆಲವರು ಮೆಚ್ಚುತ್ತಾರೆ. ನಾನು ಅಷ್ಟು ಮೆಚ್ಚೋದಿಲ್ಲ. ಕೊನೆಯ ಕುಸ್ತಿ ಗೆದ್ದ ಪೈಲ್ವಾನನಿಗೆ ಮೊದಲ ಪಟ್ಟು ಸೋತ ಕಥೆ ಭಾರವಲ್ಲ, ನಗುನಗುತ್ತಾ ಹೇಳಿಕೊಳ್ತಾನೆ. ನಾನು ಮೆಚ್ಚೋದು ಆ ಹೆಸರಿಲ್ಲದ ಚಿತ್ರಕಾರನನ್ನು. ಸುಲ್ತಾನನ ಸಂಪತ್ತು ಉಳಿಯಲಿಲ್ಲ, ಕೋಟೆ ಉಳಿಯಲಿಲ್ಲ. ಒಬ್ಬ ಬಡವನ ತಲೆಯೊಳಗೆ ಚಿತ್ರ ಉಳಿದಿತ್ತು. ಸುಣ್ಣ ಗೋಡೆಗೆ ಬಳಿಯಬಹುದು, ನೆನಪಿಗೆ ಬಳಿಯೋಕ್ಕಾಗಲ್ಲ. ಓದು ಬಾರದ ನಮ್ಮ ಅಜ್ಜಿಯಂದಿರು ಬೀಸೋ ಕಲ್ಲಿನ ಮುಂದೆ ಇಡೀ ಕಥೆ ಕಾಪಾಡಿಕೊಂಡು ಬಂದದ್ದೂ ಇದೇ ರೀತಿ.

ಇಲ್ಲಿಗೆ ಬಂದಾಗ ಬೆರಳು ನನ್ನ ಕಡೆಗೇ ತಿರುಗಿತು. ಮೂವತ್ತು ವರ್ಷ ಜಾತ್ರೆಗಳಲ್ಲಿ ಟಿಪ್ಪುವಿನ ಲಾವಣಿ ಹಾಡಿದ್ದೀನಿ. ಅವನು ಸಾಯೋ ಭಾಗ ಬಂದಾಗ ಜನ ಕಣ್ಣೊರೆಸಿಕೊಂಡಿದ್ದಾರೆ, ನಾನೂ ಒರೆಸಿಕೊಂಡಿದ್ದೀನಿ. ದುರ್ಗದ ಮದಕರಿಯ ಪದವನ್ನೂ ಹಾಡಿದ್ದೀನಿ, ಆಗ ಇದೇ ಪಟ್ಟಣದವರನ್ನು ಬೈದಿದ್ದೀನಿ. ಶಿರಾದಿಂದ ಎದ್ದ ಹನ್ನೆರಡು ಸಾವಿರ ಮನೆತನದ ಮೇಲೆ ಒಂದು ನುಡಿ ಹಾಡಲಿಲ್ಲ. ಗೋಡೆ ಬರೆದವನಿಗಾದರೂ ಮೇಲೆ ಸುಲ್ತಾನನಿದ್ದ, ಅವನು ಹೇಳಿದ್ದನ್ನೇ ಬರೆಯಬೇಕಿತ್ತು. ನನ್ನ ತಲೆಯ ಮೇಲೆ ಯಾರಿದ್ದರು? ಗೋಡೆಯ ಸಿಪಾಯಿಗೆ ಮುಖ ಇಲ್ಲ ಅಂತ ದೂರೋ ಮುಂಚೆ ನನ್ನ ಹಾಡಿನಲ್ಲಿ ಯಾರಿಗೆ ಮುಖ ಐತೆ ಅಂತ ನೋಡಿಕೊಳ್ಳಬೇಕಿತ್ತು.

ಈಗ ಕೆಲವರು ಟಿಪ್ಪು ಒಳ್ಳೆಯವನೋ ಕೆಟ್ಟವನೋ ಹೇಳು ಅಂತ ಜಗಳಕ್ಕೆ ಬರ್ತಾರೆ. ನನ್ನ ಮಾತು ಅದಲ್ಲ. ಇಂಗ್ಲಿಷರಿಗೆ ತಲೆ ಬಾಗದೆ ಸತ್ತ, ಅದೂ ನಿಜ. ಶಿರಾದ ಮನೆಗಳ ಒಲೆ ಆರಿಸಿದ, ಅದೂ ನಿಜ. ಒಂದು ಕೈಯಲ್ಲಿ ತಾಳ, ಇನ್ನೊಂದು ಕೈಯಲ್ಲಿ ತಂಬೂರಿ ಹಿಡಿದು ಒಟ್ಟಿಗೇ ನುಡಿಸ್ತೀವಲ್ಲ. ಎರಡು ನಿಜವನ್ನು ಒಂದೇ ಹಾಡಿನಲ್ಲಿ ಹಿಡಿಯೋಕ್ಕೆ ನಮಗೆ ಬರಬೇಕು.

ಖಾಸಾ ಮನೆ ಸಾರ್ವಜನಿಕರ ತೋಟ ಆಗೋದಕ್ಕೆ ಎರಡು ಬಾಗಿಲು ತೆರೆಯಬೇಕು. ಒಂದು ಕಬ್ಬಿಣದ ಬಾಗಿಲು. ಅದು ತೆರೆದು ಬಹಳ ಕಾಲವಾಯಿತು. ಪುರಾತತ್ವ ಇಲಾಖೆ ಕಾಯುತ್ತಾ ಐತೆ, 1959ರಿಂದ ಒಳಗೆ ಮ್ಯೂಸಿಯಂ ಐತೆ. ಹೈದರಾಲಿ 1760ರಲ್ಲಿ ಹಾಕಿಸಿದ ಬೆಂಗಳೂರಿನ ಲಾಲ್‌ಬಾಗೂ ಹಂಗೇ. ಸುಮಾರು 40 ಎಕರೆಯ ಅರಸರ ತೋಟ, 1856ರಲ್ಲಿ ಸರ್ಕಾರಿ ಸಸ್ಯತೋಟವಾಗಿ ಇವತ್ತು 240 ಎಕರೆಗೆ ಬೆಳೆದು ಊರೆಲ್ಲರ ನೆರಳಾಯಿತು. ಸುಲ್ತಾನ ಗಾಳಿ ಕುಡಿದ ಜಾಗದಲ್ಲಿ ನಮ್ಮ ಮಕ್ಕಳು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂತಾರೆ. ಇದು ಸಣ್ಣ ಗೆಲುವಲ್ಲ, ಪೊಳ್ಳಿಲೂರಿಗಿಂತ ದೊಡ್ಡ ಗೆಲುವು ಅಂತಲೇ ನಾನು ಹೇಳೋದು. ಎರಡನೇದು ಕಥೆಯ ಬಾಗಿಲು. ಆ ಮನೆಗೆ ಕಲ್ಲು ಹೊತ್ತವರು, ಆ ಪೇಟೆಗೆ ಎದ್ದು ಬಂದವರು, ಆ ಸಾಲಿನಲ್ಲಿ ಮುಖ ಇಲ್ಲದೆ ನಿಂತವರು ನಮ್ಮೋರು ಅಂತ ತಿಳಿದು ಒಳಗೆ ಹೋದ ದಿನ ಆ ಬಾಗಿಲು ತೆರೆಯುತ್ತೆ. ಅದನ್ನು ಯಾವ ಇಲಾಖೆಯೂ ತೆರೆಯೋಕ್ಕಾಗಲ್ಲ. ಮೇಷ್ಟ್ರು ತೆರೆಯಬೇಕು, ಹಾಡೋರು ತೆರೆಯಬೇಕು.

ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮಕ್ಕಳನ್ನು ಪ್ರವಾಸಕ್ಕೆ ಕರಕೊಂಡು ಹೋಗುವ ಮುಂಚೆ ಒಂದು ದಿನ ರಾಯದುರ್ಗದ ಕೋಟೆ ಹತ್ತಿಸಿ, ಇಲ್ಲವೇ ಶಿರಾ ತೋರಿಸಿ. ಆಮೇಲೆ ದರಿಯಾ ದೌಲತ್ತಿಗೆ ಹೋಗಿ. ಬೇಯ್ಲಿಯ ಪಲ್ಲಕ್ಕಿ ತೋರಿಸಿ, ಗುಲಾಬಿ ತೋರಿಸಿ, ಮದಕರಿಯನ್ನು ತೋರಿಸಿ. ಆಮೇಲೆ ಹೊರಗೆ ಹುಲ್ಲಿನ ಮೇಲೆ ಕೂರಿಸಿ ಗಂಜಾಮಿನ ಕಡೆಗೆ ಕೈ ಮಾಡಿ, ‘ನಮ್ಮ ಸೀಮೆಯವರು ಅಲ್ಲಿಗೆ ಬಂದಿದ್ದರು’ ಅಂತ ಹೇಳಿ.

ನನ್ನ ಪಾಲಿನ ಕೆಲಸ ನಾನು ಶುರು ಮಾಡಿದ್ದೀನಿ. ಶಿರಾದಿಂದ ಗಂಜಾಮಿಗೆ ಹೊರಟ ಒಬ್ಬ ಮುದುಕಿಯ ಮೇಲೆ ಪದ ಕಟ್ಟುತ್ತಾ ಇದ್ದೀನಿ. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಒಂದು ಹೆಸರು ಇಡಬೇಕು. ಅವಳು ಒಲೆಯ ಬೂದಿ ಒಂದು ಹಿಡಿ ಸೆರಗಿಗೆ ಗಂಟು ಹಾಕಿಕೊಂಡು ಗಾಡಿ ಹತ್ತುತ್ತಾಳೆ. ಅಲ್ಲಿಗೆ ನಿಂತೈತೆ. ಮುಂದಿನ ನುಡಿ ಬಂದ ಮೇಲೆ ಬರೋ ಜಾತ್ರೆಯಲ್ಲಿ ಟಿಪ್ಪುವಿನ ಲಾವಣಿಯ ಬೆನ್ನಿಗೇ ಇದನ್ನೂ ಹಾಡ್ತೀನಿ.